‘ಚೆಕ್’ ಎಂಬ ಒಂದು ಪದ, ಹತ್ತಾರು ಅರ್ಥ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕಿಗೆ ಹಾಕುವುದು ಚೆಕ್, ಅಂಗಿಯ ಮೇಲಿನ ಚೌಕಳಿ ಚೆಕ್ಸ್, ಚದುರಂಗದಲ್ಲಿ ರಾಜನಿಗೆ ಕೊಡುವುದು ಚೆಕ್, ಹಳ್ಳಕ್ಕೆ ಅಡ್ಡ ಕಟ್ಟುವುದು ಚೆಕ್ ಡ್ಯಾಮ್. ಇಷ್ಟು ಸಾಲದೆಂಬಂತೆ ಎಲ್ಲವನ್ನೂ ‘ಒಂದು ಸಲ ಚೆಕ್ ಮಾಡಿ’ ಎನ್ನುತ್ತೇವೆ. ಈ ಪದದ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಇವೆಲ್ಲ ಒಂದೇ ಪದವೇ? ಅಥವಾ ಉಚ್ಚಾರಣೆ ಮಾತ್ರ ಒಂದಾಗಿರುವ ಬೇರೆ ಬೇರೆ ಪದಗಳೇ?

ಒಂದೇ ಪದ. ಎಲ್ಲದರ ಬೇರೂ ‘ರಾಜ’ ಎಂಬ ಅರ್ಥದ ಪರ್ಷಿಯನ್ ಪದ ‘ಶಾಹ್’. ಅಲ್ಲಿಂದ ಎರಡು ದಾರಿ ಕವಲೊಡೆದವು. ಒಂದು, ಚದುರಂಗ ಆಡುವಾಗ ಎದುರಾಳಿಯ ರಾಜನ ಮೇಲೆ ದಾಳಿ ಮಾಡಿ ಹಾಕುವ ಕೂಗು. ತಡೆ, ಗದರಿಕೆ, ನಿಯಂತ್ರಣ, ಪರಿಶೀಲನೆ, ಗುರುತು ಚೀಟಿ ಎಲ್ಲವೂ ಈ ಕೂಗಿನ ಸಂತಾನ. ಇನ್ನೊಂದು, ಆಡುವ ಹಾಸು. ಚೌಕಳಿ ಬಟ್ಟೆಯೂ ಇಂಗ್ಲೆಂಡಿನ ಖಜಾನೆಯ ಹೆಸರೂ ಹುಟ್ಟಿದ್ದು ಹಾಸಿನಿಂದ. ಬ್ಯಾಂಕಿನ ಚೆಕ್‌ನಲ್ಲಿ ಮಾತ್ರ ಈ ಎರಡು ದಾರಿಗಳೂ ಕೂಡುತ್ತವೆ. ಅರ್ಥ ಮೊದಲ ದಾರಿಯದು, ಕಾಗುಣಿತ ಎರಡನೆಯದರದು.

‘ಶಾಹ್’ ಎಂಬುದು ‘ಚೆಕ್’ ಆದದ್ದು ಹೇಗೆ? ಕೇಳಲು ಹೋಲಿಕೆಯೇ ಇಲ್ಲವಲ್ಲ.

ಮೆಟ್ಟಿಲು ಮೆಟ್ಟಿಲಾಗಿ ನೋಡಿದರೆ ಹೋಲಿಕೆ ಕಾಣುತ್ತದೆ. ನಮ್ಮ ಚತುರಂಗ ಪರ್ಷಿಯಾಕ್ಕೆ ಹೋಗಿ ‘ಚತ್ರಂಗ್’ ಆಯಿತು. 7ನೇ ಶತಮಾನದಲ್ಲಿ ಅರಬರು ಪರ್ಷಿಯಾವನ್ನು ಗೆದ್ದಾಗ ಆಟವನ್ನೂ ಕಲಿತರು. ಅರಬ್ಬಿಯಲ್ಲಿ ‘ಚ’ ಮತ್ತು ‘ಗ’ ಧ್ವನಿಗಳಿಲ್ಲದ್ದರಿಂದ ಅದು ‘ಶತ್ರಂಜ್’ ಆಯಿತು. ರಾಜನ ಕಾಯಿಗೆ ಮಾತ್ರ ಪರ್ಷಿಯನ್ ಹೆಸರೇ ಉಳಿಯಿತು. ಆಟ ಅರಬರ ಮೂಲಕ ಯುರೋಪಿಗೆ ದಾಟಿದಾಗ ಲ್ಯಾಟಿನ್ ಬರೆಯುವವರ ಬಳಿ ‘ಶ’ಕ್ಕೆ ಅಕ್ಷರವಿರಲಿಲ್ಲ, ಕೊನೆಯ ‘ಹ್’ ಕೂಡ ಅವರ ಬಾಯಲ್ಲಿ ‘ಕ್’ ಆಯಿತು. ಹಾಗಾಗಿ ‘ಸ್ಕಾಕುಸ್’ ಎಂದು ಬರೆದರು. ಸ್ವಿಟ್ಸರ್ಲೆಂಡಿನ ಐನ್‌ಸೀಡೆಲ್ನ್ ಮಠದಲ್ಲಿ ಸಿಕ್ಕ, ಸುಮಾರು 997ರ ಲ್ಯಾಟಿನ್ ಪದ್ಯವೊಂದು ಯುರೋಪಿನಲ್ಲಿ ಈ ಆಟವನ್ನು ಹೆಸರಿಸುವ ಅತಿ ಹಳೆಯ ಬರಹಗಳಲ್ಲಿ ಒಂದು.

ಮುಂದಿನ ಮೆಟ್ಟಿಲು ಫ್ರೆಂಚ್. ಪದದ ಮೊದಲಲ್ಲಿ ‘ಸ್ಕ’ ಬಂದರೆ ಹಳೆಯ ಫ್ರೆಂಚರ ನಾಲಿಗೆಗೆ ಎಡವಟ್ಟು, ಮುಂದೆ ಒಂದು ಸ್ವರ ಸೇರಿಸಿಕೊಳ್ಳುತ್ತಿದ್ದರು. ಸ್ಕೂಲನ್ನು ‘ಇಸ್ಕೂಲು’, ಸ್ಟೇಷನ್ನನ್ನು ‘ಇಸ್ಟೇಷನ್ನು’ ಎಂದವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗೆ ‘ಎಸ್ಚೆಕ್’ ಆಯಿತು. ಇಂಗ್ಲಿಷರು ಅದನ್ನು ಎರವಲು ಪಡೆದಾಗ ಮುಂದಿನ ‘ಎಸ್’ ಕಳಚಿಹೋಯಿತು, ‘ಚೆಕ್’ ಉಳಿಯಿತು. ಅದೇ ಫ್ರೆಂಚ್ ಪದದ ಬಹುವಚನ ‘ಎಸ್ಚೆಸ್’ ಎಂಬುದರಿಂದ ಬಂದದ್ದು ‘ಚೆಸ್’. ಅಂದರೆ ಚೆಸ್ ಎಂದರೆ ಮೂಲದಲ್ಲಿ ‘ರಾಜರುಗಳು’, ಅಷ್ಟೆ. ‘ಚೆಸ್’ ಮತ್ತು ‘ಚೆಕ್’ ಒಂದೇ ಪದದ ಬಹುವಚನ, ಏಕವಚನ.

ಸಂಸ್ಕೃತಕ್ಕೆ ಇದರೊಡನೆ ನಂಟಿದೆಯೇ?

ಇದೆ, ಆದರೆ ತಾಯಿ-ಮಗಳ ನಂಟಲ್ಲ, ಅಕ್ಕ-ತಂಗಿಯರ ನಂಟು. ‘ಶಾಹ್’ ಎಂಬುದರ ಹಳೆಯ ಪರ್ಷಿಯನ್ ರೂಪ ‘ಕ್ಷಾಯಥಿಯ’. ಡೇರಿಯಸ್ ದೊರೆಯ ಬೆಹಿಸ್ತೂನ್ ಶಾಸನದಲ್ಲಿ ‘ರಾಜಾಧಿರಾಜ’ ಎಂಬ ಬಿರುದಿನಲ್ಲಿ ಈ ಪದ ಕಾಣುತ್ತದೆ. ಆ ಬಿರುದೇ ಮುಂದೆ ‘ಶಹನ್‌ಶಾ’ ಆಯಿತು. ಸಂಸ್ಕೃತದ ‘ಕ್ಷತ್ರ’, ‘ಕ್ಷತ್ರಿಯ’ ಹುಟ್ಟಿದ್ದೂ ಆಳುವುದು ಎಂಬ ಅರ್ಥದ ಇದೇ ಮೂಲ ಧಾತುವಿನಿಂದ. ಚೆಕ್ ಪುಸ್ತಕಕ್ಕೂ ಕ್ಷತ್ರಿಯರಿಗೂ ದೂರದ ನೆಂಟಸ್ತನ ಇದೆ ಎಂದರೆ ತಮಾಷೆಯಲ್ಲ.

ಹಾಗೆಂದು ‘ಶಾ’ ಕೇಳಿಸಿದ ಕಡೆಯಲ್ಲೆಲ್ಲ ರಾಜನನ್ನು ಹುಡುಕಬೇಡಿ. ‘ಶಹಬ್ಬಾಸ್’ ಎಂಬುದರಲ್ಲಿ ರಾಜನಿಲ್ಲ. ಅದು ‘ಶಾದ್ ಬಾಶ್’, ಅಂದರೆ ‘ಸಂತೋಷವಾಗಿರು’.

ಚೆಕ್‌ಮೇಟ್ ಎಂದರೆ ‘ರಾಜ ಸತ್ತ’ ಎಂದೇ?

ಹಾಗೆ ಎಲ್ಲ ಕಡೆ ಬರೆದಿರುತ್ತಾರೆ. ಮೂಲ ‘ಶಾಹ್ ಮಾತ್’. ಅರಬ್ಬಿಯಲ್ಲಿ ‘ಮಾತ’ ಎಂದರೆ ಸತ್ತ, ಹಾಗಾಗಿ ಈ ವಿವರಣೆ ಹಬ್ಬಿತು. ಆದರೆ ಪರ್ಷಿಯನ್‌ನಲ್ಲಿ ‘ಮಾತ್’ ಎಂದರೆ ದಿಕ್ಕು ತೋಚದವ, ಕೈಸಾಗದೆ ನಿಂತವ ಎಂಬ ಅರ್ಥವಿದೆ. ಎರಡನೆಯದೇ ಆಟಕ್ಕೆ ಒಪ್ಪುತ್ತದೆ, ಏಕೆಂದರೆ ಚದುರಂಗದಲ್ಲಿ ರಾಜನನ್ನು ಹೊಡೆಯುವುದೇ ಇಲ್ಲ. ಅವನಿಗೆ ಹೋಗಲು ಮನೆಯಿಲ್ಲದಾಗ ಆಟ ಮುಗಿಯುತ್ತದೆ. ಸತ್ತವನಲ್ಲ, ಸಿಕ್ಕಿಬಿದ್ದವನು.

ಆಟದ ಮಟ್ಟಿಗೆ ಇನ್ನೊಂದು ಮಾತು. ಚೆಕ್ ಬಿದ್ದಾಗ ಮೂರೇ ದಾರಿ: ರಾಜನನ್ನು ಸರಿಸುವುದು, ನಡುವೆ ಕಾಯಿ ಅಡ್ಡ ಇಡುವುದು, ದಾಳಿ ಮಾಡಿದ ಕಾಯಿಯನ್ನು ಹೊಡೆಯುವುದು. ಕುದುರೆಯಿಂದ ಬಿದ್ದ ಚೆಕ್‌ಗೆ ಅಡ್ಡ ಇಡಲಾಗದು. ಏಕಕಾಲಕ್ಕೆ ಎರಡು ಕಾಯಿಗಳಿಂದ ಚೆಕ್ ಬಿದ್ದರೆ ರಾಜ ಸರಿಯುವುದೊಂದೇ ಗತಿ. ಬಾಯಿಬಿಟ್ಟು ‘ಚೆಕ್’ ಎನ್ನಲೇಬೇಕೆಂಬುದು ಅಂತರರಾಷ್ಟ್ರೀಯ ಚೆಸ್ ನಿಯಮಗಳಲ್ಲಿಲ್ಲ. ಪದ ಹುಟ್ಟಿದ್ದೇ ಕೂಗಿನಿಂದ, ಇವತ್ತು ಕೂಗಬೇಕಾಗಿಲ್ಲ.

ರಾಜನ ಹೆಸರಿಗೆ ‘ತಡೆ’ ಎಂಬ ಅರ್ಥ ಅಂಟಿಕೊಂಡದ್ದು ಹೇಗೆ?

ಚೆಕ್ ಕೇಳಿದ ಕೂಡಲೇ ಆಟಗಾರನ ಹಂಚಿಕೆಯೆಲ್ಲ ನಿಲ್ಲುತ್ತದೆ. ಏನೇ ಯೋಚಿಸಿದ್ದರೂ ಮೊದಲು ರಾಜನನ್ನು ಉಳಿಸಿಕೊಳ್ಳಬೇಕು. ಆ ‘ತಟ್ಟನೆ ನಿಲ್ಲು’ ಎಂಬ ಭಾವವೇ 14ನೇ ಶತಮಾನದ ಇಂಗ್ಲಿಷಿನಲ್ಲಿ ಹಾಸಿನಿಂದಾಚೆ ಜಿಗಿಯಿತು. ಹಠಾತ್ ದಾಳಿ, ಹಿನ್ನಡೆ, ಗದರಿಕೆ, ತಡೆ ಎಲ್ಲಕ್ಕೂ ಚೆಕ್ ಎನ್ನತೊಡಗಿದರು. ಗಿಡುಗದಿಂದ ಬೇಟೆಯಾಡುವವರ ಮಾತಿನಲ್ಲಿ, ಹಾರಿಬಿಟ್ಟ ಗಿಡುಗ ಗುರಿಯ ಹಕ್ಕಿಯನ್ನು ಬಿಟ್ಟು ಸಣ್ಣಪುಟ್ಟ ಹಕ್ಕಿಯ ಹಿಂದೆ ಹೋದರೆ ಅದು ಚೆಕ್. ಬೇಟೆನಾಯಿ ವಾಸನೆಯ ಜಾಡು ತಪ್ಪಿ ನಿಂತರೆ ಅದೂ ಚೆಕ್.

ಈ ‘ತಡೆ’ಯ ಅರ್ಥ ಇಂದಿಗೂ ಜೀವಂತ. ಐಸ್ ಹಾಕಿಯಲ್ಲಿ ಎದುರಾಳಿಗೆ ಮೈಯೊಡ್ಡಿ ತಡೆಯುವುದು ಬಾಡಿ ಚೆಕ್. ಸರ್ಕಾರದ ಒಂದು ಅಂಗ ಇನ್ನೊಂದನ್ನು ಅಂಕೆಯಲ್ಲಿಡುವ ಏರ್ಪಾಡು ಚೆಕ್ಸ್ ಅಂಡ್ ಬ್ಯಾಲೆನ್ಸಸ್. ಇದನ್ನು ‘ಪರಿಶೀಲನೆ ಮತ್ತು ಸಮತೋಲನ’ ಎಂದು ಅನುವಾದಿಸುವವರಿದ್ದಾರೆ. ಅದು ತಪ್ಪು. ಇಲ್ಲಿನ ಚೆಕ್ ಎಂದರೆ ಲಗಾಮು.

ಸರಿ, ತಡೆ ‘ಪರಿಶೀಲನೆ’ ಆದದ್ದು ಯಾವಾಗ?

17ನೇ ಶತಮಾನದ ಕೊನೆಯ ಹೊತ್ತಿಗೆ. ನಡುವಿನ ಕೊಂಡಿ ಲೆಕ್ಕಪತ್ರ. ಮೋಸ ಮತ್ತು ತಪ್ಪಿಗೆ ‘ತಡೆ’ ಹಾಕುವುದು ಹೇಗೆ? ಎರಡನೆಯವರು ಒಂದು ನಕಲು ಇಟ್ಟುಕೊಂಡು ತಾಳೆ ನೋಡುವುದರಿಂದ. ತಪ್ಪನ್ನು ತಡೆಯುವ ಸಾಧನಕ್ಕೆ ಚೆಕ್ ಎಂದರು. ಆಮೇಲೆ ತಾಳೆ ನೋಡುವ ಕೆಲಸವೇ ಚೆಕ್ ಆಯಿತು.

ಇಲ್ಲಿ ‘ಕಂಟ್ರೋಲ್’ ಪದವನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಅದರ ಮೂಲ ‘ಎದುರು ಸುರುಳಿ’, ಅಂದರೆ ಲೆಕ್ಕದ ಸುರುಳಿಯ ತಾಳೆಗೆಂದು ಇಟ್ಟುಕೊಂಡ ಎರಡನೇ ಪ್ರತಿ. ಕಂಟ್ರೋಲ್ ತಾಳೆ ನೋಡುವುದರಿಂದ ಹೊರಟು ಹಿಡಿತಕ್ಕೆ ಬಂತು. ಚೆಕ್ ಹಿಡಿತದಿಂದ ಹೊರಟು ತಾಳೆ ನೋಡುವುದಕ್ಕೆ ಬಂತು. ಎರಡೂ ಒಂದೇ ರಸ್ತೆಯಲ್ಲಿ ಎದುರುಬದುರಾಗಿ ನಡೆದಿವೆ. ಫ್ರೆಂಚಿನಲ್ಲಿ ಇವತ್ತಿಗೂ ಟಿಕೆಟ್ ತಪಾಸಣೆಗೆ ‘ಕಂಟ್ರೋಲ್’ ಎಂಬುದರ ಸೋದರ ಪದವನ್ನೇ ಬಳಸುತ್ತಾರೆ.

ಚೌಕಳಿ ಬಟ್ಟೆಗೆ ಚೆಕ್ಸ್ ಎನ್ನುವುದು ಚದುರಂಗದ ಹಾಸಿನಿಂದ ತಾನೆ?

ಹೌದು. ಹಾಸಿನ ಹೆಸರು ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕಿಯೆ’. ಇಂಗ್ಲಿಷಿಗೆ ಬಂದು ‘ಚೆಕರ್’ ಆಗಿ, ಅದೂ ಮೊಟಕಾಗಿ ‘ಚೆಕ್’ ಆಯಿತು. ಒಂದು ಸ್ವಾರಸ್ಯವೆಂದರೆ ಆಟ ಹುಟ್ಟಿದ ಕಡೆ ಹಾಸಿನಲ್ಲಿ ಕಪ್ಪು-ಬಿಳುಪು ಇರಲೇ ಇಲ್ಲ. ಅಷ್ಟಾಪದ ಎಂಬ ಎಂಟೆಂಟು ಮನೆಯ ಹಳೆಯ ಹಾಸಿನಲ್ಲಿ ಬರೀ ಗೆರೆಗಳು. ಮನೆ ಬಿಟ್ಟು ಮನೆಗೆ ಬಣ್ಣ ಬಳಿದದ್ದು ಯುರೋಪು. ಆ ಬಣ್ಣ ಇರದಿದ್ದರೆ ಅಂಗಿಗೆ ಈ ಹೆಸರು ಬರುತ್ತಿರಲಿಲ್ಲ.

ಮೋಟಾರು ಪಂದ್ಯ ಮುಗಿದಾಗ ಬೀಸುವ ಚೆಕರ್ಡ್ ಬಾವುಟವೂ ಈ ಸಾಲಿನದೇ. ಚೆಕರ್ಡ್ ಬದುಕು ಎಂದರೆ ಏಳುಬೀಳಿನ ಬದುಕು, ಬಹುಮಟ್ಟಿಗೆ ಬೀಳಿನ ಕಡೆಗೇ ವಾಲಿದ್ದು. ಹೊಗಳಿಕೆಯೆಂದು ಬಳಸಿದರೆ ಎಡವಟ್ಟಾಗುತ್ತದೆ.

ಬ್ರಿಟನ್ನಿನ ಹಣಕಾಸು ಸಚಿವರನ್ನು ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’ ಎನ್ನುತ್ತಾರೆ. ಖಜಾನೆಗೂ ಚದುರಂಗಕ್ಕೂ ಏನು ಸಂಬಂಧ?

ಎಕ್ಸ್‌ಚೆಕರ್ ಎಂದರೆ ನಿಜವಾಗಿಯೂ ಒಂದು ಮೇಜು. ಅದರ ಮೇಲೆ ಬಿಲ್ಲೆಗಳನ್ನು ಇಟ್ಟು ಖಜಾನೆಯ ಲೆಕ್ಕ ಮಾಡುತ್ತಿದ್ದರು. 12ನೇ ಶತಮಾನದ ಇಂಗ್ಲೆಂಡಿನಲ್ಲಿ, ಮೊದಲನೇ ಹೆನ್ರಿಯ ಕಾಲಕ್ಕೆ ಈ ಪದ್ಧತಿ ನೆಲೆಯೂರಿತು. ಮೇಜಿನ ವರ್ಣನೆ ಅದೇ ಕಚೇರಿಯ ಖಜಾಂಚಿ ರಿಚರ್ಡ್ ಫಿಟ್ಸ್‌ನೀಲ್ 1170ರ ದಶಕದ ಕೊನೆಯಲ್ಲಿ ಲ್ಯಾಟಿನ್‌ನಲ್ಲಿ ಬರೆದ ಕೈಪಿಡಿಯಲ್ಲಿದೆ. ಉದ್ದ ಸುಮಾರು 10 ಅಡಿ, ಅಗಲ 5 ಅಡಿ, ಬಿಲ್ಲೆಗಳು ಬೀಳದಂತೆ ಸುತ್ತಲೂ ನಾಲ್ಕು ಬೆರಳಿನಷ್ಟು ಎತ್ತರದ ಅಂಚು. ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಗೆರೆಗೂ ಗೆರೆಗೂ ನಡುವೆ ಒಂದು ಅಡಿ ಅಥವಾ ಚಾಚಿದ ಕೈಯಗಲ ಜಾಗ.

ಬಟ್ಟೆಯ ಪ್ರತಿ ಪಟ್ಟಿಗೂ ಒಂದು ಬೆಲೆ: ಪೆನ್ಸ್, ಶಿಲ್ಲಿಂಗ್, ಪೌಂಡ್, ಇಪ್ಪತ್ತು ಪೌಂಡ್, ನೂರು, ಸಾವಿರ, ಹತ್ತು ಸಾವಿರ. 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ಜಿಲ್ಲೆಯ ಶೆರಿಫ್, ಅಂದರೆ ರಾಜನಿಗೆ ಕಂದಾಯದ ಲೆಕ್ಕ ಒಪ್ಪಿಸುವ ಅಧಿಕಾರಿ, ಕೊಡಬೇಕಾದ ಮೊತ್ತವನ್ನು ಮೇಲಿನ ಸಾಲಿನಲ್ಲಿ, ಕಟ್ಟಿದ್ದನ್ನು ಕೆಳಗಿನ ಸಾಲಿನಲ್ಲಿ ಬಿಲ್ಲೆಗಳಾಗಿ ಜೋಡಿಸಿ ಕಳೆಯುತ್ತಿದ್ದರು.

ಒಂದು ಲೆಕ್ಕ ಮಾಡಿ ನೋಡೋಣ. ಬಾಕಿ 153 ಪೌಂಡ್ 7 ಶಿಲ್ಲಿಂಗ್ 4 ಪೆನ್ಸ್, ಕಟ್ಟಿದ್ದು 98 ಪೌಂಡ್ 10 ಶಿಲ್ಲಿಂಗ್ ಎಂದುಕೊಳ್ಳಿ. ಮೇಲಿನ ಸಾಲಿನಲ್ಲಿ ನೂರರ ಪಟ್ಟಿಗೆ 1 ಬಿಲ್ಲೆ, ಇಪ್ಪತ್ತರ ಪಟ್ಟಿಗೆ 2, ಪೌಂಡಿಗೆ 13, ಶಿಲ್ಲಿಂಗ್‌ಗೆ 7, ಪೆನ್ಸ್‌ಗೆ 4. ಕೆಳಗೆ ಇಪ್ಪತ್ತರ ಪಟ್ಟಿಗೆ 4, ಪೌಂಡಿಗೆ 18, ಶಿಲ್ಲಿಂಗ್‌ಗೆ 10. ಏಳು ಶಿಲ್ಲಿಂಗ್‌ನಲ್ಲಿ ಹತ್ತು ತೆಗೆಯಲಾಗದು, ಆದ್ದರಿಂದ ಒಂದು ಪೌಂಡಿನ ಬಿಲ್ಲೆ ಎತ್ತಿ 20 ಶಿಲ್ಲಿಂಗ್ ಇಡಿ. 27ರಲ್ಲಿ 10 ಹೋದರೆ 17. ಪೌಂಡಿನ ಪಟ್ಟಿಯಲ್ಲಿ ಈಗ 12 ಇದೆ, ಬೇಕಾದದ್ದು 18. ಇಪ್ಪತ್ತರ ಒಂದು ಬಿಲ್ಲೆಯನ್ನು ಮುರಿಯಿರಿ. 32ರಲ್ಲಿ 18 ಹೋದರೆ 14. ಇಪ್ಪತ್ತರ ಪಟ್ಟಿಯಲ್ಲಿ ಉಳಿದದ್ದು 1, ಬೇಕಾದದ್ದು 4. ನೂರನ್ನು ಮುರಿದರೆ 5 ಬಂದು 6 ಆಗುತ್ತದೆ, ಅದರಲ್ಲಿ 4 ಹೋಗಿ 2. ಬಾಕಿ 54 ಪೌಂಡ್ 17 ಶಿಲ್ಲಿಂಗ್ 4 ಪೆನ್ಸ್. ಸೊನ್ನೆ ಬೇಡ, ಬರೆಯಲು ಬರಬೇಕಿಲ್ಲ, ಎದುರು ಕುಳಿತವರಿಗೆಲ್ಲ ಲೆಕ್ಕ ಕಣ್ಣಿಗೆ ಕಾಣುತ್ತದೆ. ರೋಮನ್ ಅಂಕಿಗಳಲ್ಲಿ ಇದೇ ಕಳೆಯುವಿಕೆ ಮಾಡಿ ನೋಡಿದರೆ ಮೇಜಿನ ಬೆಲೆ ಗೊತ್ತಾಗುತ್ತದೆ.

ಹೆಸರಿಗೆ ಕಾರಣವನ್ನು ಫಿಟ್ಸ್‌ನೀಲ್ ಅವರೇ ಕೊಡುತ್ತಾರೆ. ಮೇಜಿನ ರೂಪ ಚದುರಂಗದ ಹಾಸನ್ನು ಹೋಲುತ್ತದೆ, ಅಲ್ಲದೆ ಹಾಸಿನ ಮೇಲೆ ರಾಜರು ಕಾದಾಡುವಂತೆ ಇಲ್ಲಿ ಖಜಾಂಚಿ ಮತ್ತು ಶೆರಿಫ್ ಕಾದಾಡುತ್ತಾರೆ. ಕಂದಾಯದ ಲೆಕ್ಕ ಒಪ್ಪಿಸಿದವರು ಯಾರೂ ಈ ಹೋಲಿಕೆಯನ್ನು ಅಲ್ಲಗಳೆಯಲಾರರು.

ರಸೀದಿ ಹೇಗೆ ಕೊಡುತ್ತಿದ್ದರು?

ಹೇಝಲ್ ಮರದ ಕಡ್ಡಿಯಲ್ಲಿ ಕಚ್ಚು ಕೆತ್ತಿ. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಗಲ, ಇಪ್ಪತ್ತಕ್ಕೆ ಕಿರುಬೆರಳಗಲ, ಒಂದು ಪೌಂಡಿಗೆ ಬಾರ್ಲಿ ಕಾಳಿನಷ್ಟು. ಆಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ ಇಬ್ಬರೂ ಒಂದೊಂದು ಭಾಗ ಇಟ್ಟುಕೊಳ್ಳುತ್ತಿದ್ದರು. ಹಣ ಕಟ್ಟಿದವನ ಭಾಗ ‘ಸ್ಟಾಕ್’, ಕಚೇರಿಯದು ‘ಫಾಯಿಲ್’. ಒಬ್ಬ ತನ್ನ ಭಾಗದಲ್ಲಿ ಕಚ್ಚು ಹೆಚ್ಚಿಸಿದರೆ ಇನ್ನೊಂದರ ಜೊತೆ ಕೂಡಿಸಿದಾಗ ಸಿಕ್ಕಿಬೀಳುತ್ತಿದ್ದ. ಮರದ ಎಳೆ ಎರಡು ಕಡ್ಡಿಯಲ್ಲಿ ಒಂದೇ ತೆರನಾಗಿರುವುದಿಲ್ಲವಾದ್ದರಿಂದ ಹೊಸ ಕಡ್ಡಿ ತಂದು ಮೋಸ ಮಾಡುವುದೂ ಕಷ್ಟ. 1826ರಲ್ಲಿ ಈ ಪದ್ಧತಿ ನಿಂತಿತು. 1834ರ ಅಕ್ಟೋಬರ್ 16ರಂದು ಹಳೆಯ ಕಡ್ಡಿಗಳನ್ನು ಒಲೆಗೆ ತುರುಕಿ ಸುಡುವಾಗ ಬೆಂಕಿ ಕೈಮೀರಿ ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡವೇ ಬಹುಪಾಲು ಉರಿದುಹೋಯಿತು.

ಬ್ಯಾಂಕಿನ ಚೆಕ್‌ಗೆ ಆ ಹೆಸರು ಏಕೆ? ಬ್ರಿಟಿಷ್ ಕಾಗುಣಿತ ಬೇರೆ ಏಕೆ?

18ನೇ ಶತಮಾನದ ಆರಂಭದಲ್ಲಿ ಚೆಕ್ ಎಂದರೆ ಹಣದ ಆದೇಶ ಪತ್ರವಲ್ಲ, ಅದರ ಕೌಂಟರ್‌ಫಾಯಿಲ್. ಖಜಾನೆಯ ಹುಂಡಿ ಅಥವಾ ಹಣದ ಆದೇಶವನ್ನು ಕೊಡುವಾಗ ಪಕ್ಕದ ತುಂಡನ್ನು ಕಚೇರಿಯಲ್ಲಿ ಉಳಿಸಿಕೊಳ್ಳುತ್ತಿದ್ದರು. ತಿದ್ದಿದ ಅಥವಾ ಖೋಟಾ ಪತ್ರ ಬಂದರೆ ಉಳಿದ ತುಂಡಿನ ಜೊತೆ ತಾಳೆಯಾಗುತ್ತಿರಲಿಲ್ಲ. ಮೋಸಕ್ಕೆ ‘ತಡೆ’ ಎಂದು ಆ ತುಂಡಿಗೆ ಚೆಕ್ ಎಂದರು. ಕ್ರಮೇಣ ಹೆಸರು ತುಂಡಿನಿಂದ ಜಾರಿ, ಹರಿದುಕೊಟ್ಟ ಪತ್ರಕ್ಕೇ ಅಂಟಿತು. ಸೀಳಿದ ಕಡ್ಡಿಯ ತಂತ್ರವೇ ಇಲ್ಲಿ ಕಾಗದದ ಮೇಲೆ ಮುಂದುವರಿದದ್ದು. ‘ಕೌಂಟರ್‌ಫಾಯಿಲ್’ ಎಂಬ ಹೆಸರಿನಲ್ಲೂ ಆ ‘ಫಾಯಿಲ್’ ಉಳಿದಿದೆ.

ಕೊನೆಯಲ್ಲಿ ‘ಸಿ-ಕೆ’ ಇರುವ ಕಾಗುಣಿತವೇ ಹಳೆಯದು. ಅಮೆರಿಕದವರು ಅದನ್ನೇ ಉಳಿಸಿಕೊಂಡರು. ಎಕ್ಸ್‌ಚೆಕರ್ ಪದದ ಪ್ರಭಾವದಿಂದ ಬ್ರಿಟನ್ನಿನಲ್ಲಿ ‘ಕ್ಯೂ-ಯು-ಇ’ ಬಂತು. ಅಮೆರಿಕದವರು ಕಾಗುಣಿತ ಕೆಡಿಸಿದರು ಎಂಬ ಆರೋಪ ಇಲ್ಲಿ ನಿಲ್ಲದು. ಆದರೆ ಬ್ರಿಟಿಷ್ ಕಾಗುಣಿತಕ್ಕೆ ಒಂದು ಅನುಕೂಲವಿದೆ: ಹಣದ ಪತ್ರವನ್ನು ಉಳಿದ ಅರ್ಥಗಳಿಂದ ಕಣ್ಣಿಗೇ ಬೇರ್ಪಡಿಸುತ್ತದೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ಬರೆಯುವಾಗ ಬ್ಯಾಂಕಿನ ಪತ್ರಕ್ಕೆ ಮಾತ್ರ ‘ಕ್ಯೂ-ಯು-ಇ’, ಉಳಿದೆಲ್ಲಕ್ಕೆ ‘ಸಿ-ಕೆ’. ಒಂದೇ ಬರಹದಲ್ಲಿ ಎರಡು ದೇಶದ ಕಾಗುಣಿತ ಬೆರೆಸದಿದ್ದರೆ ಆಯಿತು.

ಬ್ಯಾಂಕ್ ಚೆಕ್ ಪದ ಪರ್ಷಿಯನ್ ‘ಚಕ್’, ಅರಬ್ಬಿ ‘ಸಕ್ಕ್’ ಎಂಬುದರಿಂದ ಬಂದಿದೆ ಎನ್ನುತ್ತಾರಲ್ಲ?

‘ಸಕ್ಕ್’ ನಿಜವಾಗಿಯೂ ಇತ್ತು. ಮಧ್ಯಯುಗದ ಅರಬ್ ವ್ಯಾಪಾರಿಗಳು ಬಳಸಿದ ಹಣದ ಪತ್ರ ಅದು. ಇಂದಿನ ಇಸ್ಲಾಮಿ ಸಾಲಪತ್ರಗಳ ಹೆಸರು ‘ಸುಕೂಕ್’ ಅದರ ಬಹುವಚನ. ಧ್ವನಿಯೂ ಹತ್ತಿರ, ಕೆಲಸವೂ ಹತ್ತಿರ. ಆದರೆ ಪದದ ಮೂಲ ಹೇಳಲು ಹೋಲಿಕೆಯಷ್ಟೇ ಸಾಲದು, ಬರಹದ ಜಾಡು ಬೇಕು. ಇಂಗ್ಲಿಷಿನಲ್ಲಿ ಜಾಡು ಸ್ಪಷ್ಟ: ಮೊದಲು ತಡೆ, ಆಮೇಲೆ ಕೌಂಟರ್‌ಫಾಯಿಲ್, ಆಮೇಲೆ ಹಣದ ಪತ್ರ. ‘ಸಕ್ಕ್’ ನೇರವಾಗಿ ಬಂದಿದ್ದರೆ ಮೊದಲ ಅರ್ಥವೇ ಹಣದ ಪತ್ರವಾಗಿರಬೇಕಿತ್ತು. ಹಾಗಾಗಿ ಚದುರಂಗದ ಮೂಲವೇ ಗಟ್ಟಿ. ಎರಡೂ ಕಡೆ ಮೂಲ ಪರ್ಷಿಯಾವೇ ಎಂಬುದು ಬೇರೆ ಮಾತು.

ಅಮೆರಿಕದಲ್ಲಿ ಊಟದ ಬಿಲ್ಲಿಗೂ ಚೆಕ್, ರೈಟ್ ಗುರುತಿಗೂ ಚೆಕ್, ಕೊಟ್ಟ ಲಗೇಜಿಗೂ ಚೆಕ್. ಏಕೆ?

ಮೂರೂ ‘ತಾಳೆ ನೋಡುವ ಗುರುತು’ ಎಂಬ ಅರ್ಥದಿಂದ ಬಂದವು. ಪಟ್ಟಿಯಲ್ಲಿ ನೋಡಿಯಾಯಿತು ಎಂದು ಹಾಕುವ ಗುರುತು ಚೆಕ್. ಬ್ರಿಟನ್ನಿನಲ್ಲಿ ಅದು ಟಿಕ್. ವಸ್ತು ಕೊಟ್ಟು ಪಡೆಯುವ ಬಿಲ್ಲೆ ಅಥವಾ ಚೀಟಿ ಚೆಕ್, ಊಟದ ಲೆಕ್ಕದ ಚೀಟಿಯೂ ಚೆಕ್. ಹೀಗಾಗಿ ಅಮೆರಿಕದವರು ಊಟದ ‘ಚೆಕ್’ ತರಿಸಿ ‘ಬಿಲ್’ನಲ್ಲಿ, ಅಂದರೆ ನೋಟಿನಲ್ಲಿ, ಹಣ ಕೊಡುತ್ತಾರೆ. ಬ್ರಿಟನ್ನಿನಲ್ಲಿ ‘ಬಿಲ್’ ತರಿಸಿ ‘ಚೆಕ್’ ಬರೆಯುತ್ತಿದ್ದರು.

ಚೆಕ್ಡ್ ಬ್ಯಾಗೇಜ್ ಎಂದರೆ ತಪಾಸಣೆ ಆದ ಲಗೇಜು ಎಂದು ತಿಳಿಯುವವರು ಬಹಳ. ಅದರ ಅರ್ಥ ಚೀಟಿ ಕಟ್ಟಿಸಿ ವಿಮಾನ ಸಂಸ್ಥೆಗೆ ಒಪ್ಪಿಸಿದ ಲಗೇಜು. ಕೈಚೀಲವನ್ನೂ ಎಕ್ಸ್‌ರೇ ಮಾಡಿ ನೋಡುತ್ತಾರೆ, ಆದರೂ ಅದು ಚೆಕ್ಡ್ ಅಲ್ಲ.

ರೇನ್ ಚೆಕ್ ಕೂಡ ಚೀಟಿಯೇ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಬೇಸ್‌ಬಾಲ್ ಪಂದ್ಯ ಮಳೆಗೆ ನಿಂತರೆ ಇನ್ನೊಂದು ದಿನ ಬರಲು ಕೊಡುತ್ತಿದ್ದ ಟಿಕೆಟ್ ತುಂಡು. ‘ಈಗ ಬೇಡ, ಇನ್ನೊಮ್ಮೆ ಬರುತ್ತೇನೆ’ ಎಂದು ಆಹ್ವಾನವನ್ನು ನಯವಾಗಿ ಮುಂದೂಡುವ ಮಾತಾಯಿತು.

ಹಿಂದೆ ಮುಂದೆ ಸೇರುವ ಸಣ್ಣ ಪದಗಳಿಂದ ಅರ್ಥ ಹೇಗೆ ಬದಲಾಗುತ್ತದೆ?

ಚೆಕ್ ಇನ್ ಎಂದರೆ ಬಂದದ್ದನ್ನು ದಾಖಲಿಸುವುದು, ಆಪ್ತರ ಯೋಗಕ್ಷೇಮ ವಿಚಾರಿಸುವುದೂ ಹೌದು. ಚೆಕ್ ಔಟ್‌ಗೆ ನಾಲ್ಕು ಮುಖ: ಲೆಕ್ಕ ತೀರಿಸಿ ಹೊರಡುವುದು, ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು, ‘ಇದನ್ನು ನೋಡು’ ಎನ್ನುವುದು, ಹೇಳಿದ ಮಾತು ವಿಚಾರಿಸಿದಾಗ ನಿಜವೆಂದು ತಾಳೆಯಾಗುವುದು. ಚೆಕ್ ವಿತ್ ಎಂದರೆ ಒಬ್ಬರನ್ನು ಕೇಳಿ ತಿಳಿಯುವುದು. ಚೆಕ್ ಅಗೇನ್ಸ್ಟ್ ಎಂದರೆ ಒಂದು ಪಟ್ಟಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ತಾಳೆ ನೋಡುವುದು. ಚೆಕ್ ಫಾರ್ ಎಂದರೆ ಇದೆಯೇ ಇಲ್ಲವೇ ಎಂದು ಹುಡುಕುವುದು. ಇನ್ ಚೆಕ್ ಎಂದರೆ ಮಾತ್ರ ಅಂಕೆಯಲ್ಲಿ, ಪರಿಶೀಲನೆಯಲ್ಲಿ ಅಲ್ಲ.

ಅತಿ ಹೆಚ್ಚು ದಾರಿ ತಪ್ಪಿಸುವುದು ‘ಅನ್‌ಚೆಕ್ಡ್’. ಅಧಿಕಾರದ ಮುಂದೆ ಬಂದರೆ ‘ಲಗಾಮಿಲ್ಲದ’, ಮಾಹಿತಿಯ ಮುಂದೆ ‘ತಾಳೆ ನೋಡದ’, ಅರ್ಜಿಯ ಚೌಕದ ಮುಂದೆ ‘ಗುರುತು ಹಾಕದ’. ಪಕ್ಕದ ನಾಮಪದ ನೋಡದೆ ಅನುವಾದಕ್ಕೆ ಕೈಹಾಕಬೇಡಿ.

ಚೆಕ್ ವಾಲ್ವ್, ಚೆಕ್ ಡ್ಯಾಮ್, ಚೆಕ್ ಡಿಜಿಟ್‌ಗಳಲ್ಲಿ ಚೆಕ್ ಎಂದರೆ ಪರಿಶೀಲನೆಯೇ?

ಮೊದಲೆರಡರಲ್ಲಿ ಅಲ್ಲ, ಮೂರನೆಯದರಲ್ಲಿ ಹೌದು.

ಚೆಕ್ ವಾಲ್ವ್ ನೀರನ್ನು ಒಂದೇ ದಿಕ್ಕಿಗೆ ಬಿಟ್ಟು ಹಿಂದಿರುಗದಂತೆ ತಡೆಯುತ್ತದೆ. ನಾನ್-ರಿಟರ್ನ್ ವಾಲ್ವ್ ಎಂಬುದೂ ಇದೇ. ಒಳಗಿನ ಮುಚ್ಚಳ ಹರಿವಿನ ಒತ್ತಡಕ್ಕೆ ತೆರೆಯುತ್ತದೆ, ಒತ್ತಡ ನಿಂತೊಡನೆ ಮುಚ್ಚುತ್ತದೆ. ಮೈಮೇಲಿನ ಬಾಣದ ಗುರುತು ಹರಿವಿನ ದಿಕ್ಕಿಗೆ ಇರಬೇಕು, ತಿರುಗಿಸಿ ಕೂರಿಸಿದರೆ ಪಂಪ್ ಓಡಿದರೂ ನೀರು ಬಾರದು. ಪಂಪಿನ ಹೀರು ಕೊಳವೆಯ ತುದಿಯ ಫುಟ್‌ವಾಲ್ವ್ ಇದರದೇ ಜಾತಿ. ಅದರ ಮುಚ್ಚಳಕ್ಕೆ ಕಸ ಸಿಕ್ಕಿದರೆ ಕೊಳವೆಯ ನೀರು ಇಳಿದುಹೋಗಿ ಪಂಪ್ ಗಾಳಿ ಹಿಡಿಯುತ್ತದೆ.

ಚೆಕ್ ಡ್ಯಾಮ್ ನೀರಿನ ವೇಗಕ್ಕೆ ಹಾಕುವ ತಡೆ. ಸಾಲಾಗಿ ಕಟ್ಟುವಾಗ ಮೇಲಿನ ಒಡ್ಡಿನ ಬುಡ ಮತ್ತು ಕೆಳಗಿನ ಒಡ್ಡಿನ ನೆತ್ತಿ ಒಂದೇ ಮಟ್ಟದಲ್ಲಿರಬೇಕು. ಹಳ್ಳದ ಇಳಿಜಾರು ನೂರು ಮೀಟರಿಗೆ 5 ಮೀಟರ್, ಒಡ್ಡಿನ ಎತ್ತರ 1 ಮೀಟರ್ ಆದರೆ ಅಂತರ 20 ಮೀಟರ್. ಇದಕ್ಕಿಂತ ದೂರ ಕಟ್ಟಿದರೆ ನಡುವಿನ ಭಾಗದಲ್ಲಿ ನೀರು ಮತ್ತೆ ವೇಗ ಪಡೆದು ಕೊರೆಯುತ್ತದೆ. ಒಡ್ಡಿನ ನಡುಭಾಗ ಅಂಚುಗಳಿಗಿಂತ ತಗ್ಗಾಗಿರಬೇಕು. ಇಲ್ಲದಿದ್ದರೆ ನೀರು ಬದಿಯ ದಂಡೆಯನ್ನು ಕೊರೆದು ಒಡ್ಡನ್ನೇ ಬಳಸಿಕೊಂಡು ಹೋಗುತ್ತದೆ.

ಚೆಕ್ ಡಿಜಿಟ್ ತಾಳೆ ಅಂಕಿ. ಕಾರ್ಡ್ ಸಂಖ್ಯೆಗಳಲ್ಲಿ ಬಳಸುವ, 1960ರಲ್ಲಿ ಪೇಟೆಂಟ್ ಪಡೆದ ಲೂನ್ ವಿಧಾನ ಹೀಗಿದೆ. 5728ಕ್ಕೆ ತಾಳೆ ಅಂಕಿ ಬೇಕು. ಬಲದಿಂದ ಒಂದು ಬಿಟ್ಟು ಒಂದನ್ನು ಇಮ್ಮಡಿ ಮಾಡಿ, ಎರಡಂಕಿ ಬಂದರೆ ಕೂಡಿ: 8 ಇಮ್ಮಡಿಯಾಗಿ 16, ಅಂದರೆ 7, 2 ಹಾಗೇ, 7 ಇಮ್ಮಡಿಯಾಗಿ 14, ಅಂದರೆ 5, 5 ಹಾಗೇ. ಮೊತ್ತ 19. ಮುಂದಿನ ಹತ್ತಕ್ಕೆ 1 ಕಡಿಮೆ, ಆದ್ದರಿಂದ ಪೂರ್ಣ ಸಂಖ್ಯೆ 57281. ಯಾರಾದರೂ 52781 ಎಂದು ಬರೆದರೆ ತಾಳೆ ಅಂಕಿಯೂ ಸೇರಿ ಮೊತ್ತ 20ರ ಬದಲು 24 ಆಗಿ ತಪ್ಪು ಬಯಲಾಗುತ್ತದೆ. ಒಂದೇ ಅಂಕಿಯ ತಪ್ಪನ್ನು ಈ ವಿಧಾನ ಎಂದೂ ಬಿಡದು. ಅಕ್ಕಪಕ್ಕದ 09 ಮತ್ತು 90 ಅದಲುಬದಲಾದರೆ ಮಾತ್ರ ಗೊತ್ತಾಗುವುದಿಲ್ಲ.

ಮರದ ಕೆಲಸದವರು ಚೆಕ್ ಬಿದ್ದಿದೆ ಎನ್ನುತ್ತಾರೆ. ಅದೇನು?

ಒಣಗುವಾಗ ಮರದಲ್ಲಿ ಮೂಡುವ ಬಿರುಕು. ಮರ ವರ್ಷದ ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ಹೊರಕ್ಕೆ ಕುಗ್ಗುವುದಕ್ಕಿಂತ ಸುಮಾರು ಇಮ್ಮಡಿ. ಆ ಎಳೆದಾಟಕ್ಕೆ ಉಂಗುರಗಳನ್ನು ಅಡ್ಡ ಕತ್ತರಿಸಿದಂತೆ ಬಿರುಕು ಬೀಳುತ್ತದೆ. ಉಂಗುರಕ್ಕೂ ಉಂಗುರಕ್ಕೂ ನಡುವೆ ಬಿಟ್ಟುಕೊಂಡರೆ ಅದು ಶೇಕ್, ಹಲಗೆಯ ಒಂದು ಮುಖದಿಂದ ಇನ್ನೊಂದಕ್ಕೆ ಪೂರ್ತಿ ಸೀಳಿದರೆ ಸ್ಪ್ಲಿಟ್. ದಿಮ್ಮಿಯ ತುದಿಗಳೇ ಬೇಗ ಒಣಗುವುದರಿಂದ ಕಡಿದ ಕೂಡಲೇ ತುದಿಗೆ ಮೇಣ ಅಥವಾ ದಪ್ಪ ಬಣ್ಣ ಬಳಿಯಬೇಕು. ಬಿರುಕು ಕಂಡ ಮೇಲೆ ಬಳಿದು ಉಪಯೋಗವಿಲ್ಲ.

ಕನ್ನಡದಲ್ಲಿ ಬರೆಯುವಾಗ ಎಲ್ಲಕ್ಕೂ ‘ಪರಿಶೀಲಿಸು’ ಎಂದರೆ ಸಾಲದೇ?

ಸಾಲದು. ಎರಡನ್ನು ಹೋಲಿಸುವಾಗ ‘ತಾಳೆ ನೋಡು’, ಅಧಿಕಾರಿಗಳು ಹುಡುಕಿ ನೋಡುವಾಗ ‘ತಪಾಸಣೆ’, ಗುಣ ಅಳೆಯುವಾಗ ‘ಒರೆಗೆ ಹಚ್ಚು’, ಅಂಕೆಯಲ್ಲಿಡುವಾಗ ‘ಹದ್ದುಬಸ್ತು’ ಅಥವಾ ‘ಲಗಾಮು’, ಅರ್ಜಿಯ ಚೌಕದಲ್ಲಿ ‘ಗುರುತು ಹಾಕಿ’. ಒಲೆಯ ಮೇಲಿನ ಹಾಲು ಉಕ್ಕಿತೇ ಎಂದು ಚೆಕ್ ಮಾಡುವವರಿಗೆ ‘ನೋಡು’ ಎಂಬ ಎರಡಕ್ಷರವೇ ಸಾಕು. ಬ್ಯಾಂಕಿನ ಚೆಕ್‌ಗೆ ಮಾತ್ರ ಚೆಕ್ಕೇ ಸರಿ. ‘ಧನಾದೇಶ’ ಎಂದರೆ ಮನಿಯಾರ್ಡರ್ ಎಂದುಕೊಳ್ಳುವವರೇ ಹೆಚ್ಚು.

ಬೇರೆ ಭಾಷೆಗಳಲ್ಲಿ ಈ ಪದ ಏನಾಯಿತು?

ಜರ್ಮನ್ನಿನಲ್ಲಿ ‘ಶಾಖ್’, ಇಟಾಲಿಯನ್ನಿನಲ್ಲಿ ‘ಸ್ಕಾಕಿ’, ಎರಡೂ ಆಟದ ಹೆಸರು. ರಷ್ಯನ್ನರು ಇಡೀ ಆಟವನ್ನೇ ‘ಶಾಖ್ಮತಿ’ ಎನ್ನುತ್ತಾರೆ, ಆಟದ ಕೊನೆಯೇ ಆಟದ ಹೆಸರಾಗಿದೆ. ಫ್ರೆಂಚಿನ ‘ಎಷೆಕ್’ಗೆ ಸೋಲು, ವೈಫಲ್ಯ ಎಂಬ ಅರ್ಥವೂ ಬಂತು. ಸ್ಪ್ಯಾನಿಷ್ ಮತ್ತು ಪೋರ್ಚುಗೀಸರು ಆಟಕ್ಕೆ ರಾಜನ ಹೆಸರಿಡದೆ ಶತ್ರಂಜ್ ಎಂಬುದನ್ನೇ ಹಿಡಿದುಕೊಂಡರು. ಪೋರ್ಚುಗೀಸಿನ ‘ಶದ್ರೇಸ್’ ಎಂದರೆ ಚದುರಂಗವೂ ಹೌದು, ಚೌಕಳಿ ಬಟ್ಟೆಯೂ ಹೌದು, ಬ್ರೆಜಿಲಿನ ಆಡುಮಾತಿನಲ್ಲಿ ಜೈಲೂ ಹೌದು.

ಚೆಕ್ ಗಣರಾಜ್ಯದ ಹೆಸರೂ ಇದೇ ಪದವೇ?

ಅಲ್ಲ. ಅದು ಅಲ್ಲಿನ ಜನ ತಮ್ಮನ್ನು ಕರೆದುಕೊಳ್ಳುವ ಹೆಸರು, ‘ಚೆಖ್’ ಎಂಬುದಕ್ಕೆ ಹತ್ತಿರದ ಉಚ್ಚಾರಣೆ. ಇಂಗ್ಲಿಷಿನಲ್ಲಿ ‘ಸಿ-ಜೆಡ್’ನಿಂದ ಶುರುವಾಗುವ ಕಾಗುಣಿತ ಪೋಲಿಷ್ ಬರವಣಿಗೆಯಿಂದ ಬಂದದ್ದು. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿ ಕಾಣುವುದರಿಂದ ‘ಚೆಕ್ ಬ್ಯಾಂಕ್’ ಎಂದು ಬರೆದಾಗ ಯಾವುದೆಂದು ಓದುಗರಿಗೆ ತಿಳಿಯದು. ದೇಶದ ವಿಷಯವಾದರೆ ‘ಚೆಕ್ ಗಣರಾಜ್ಯದ ಬ್ಯಾಂಕ್’ ಎಂದು ಬಿಡಿಸಿ ಬರೆಯಿರಿ.